ವಿಸಿಟ್ ವೀಸಾ ಮುಗಿಯುತ್ತಾ ಬಂತು, ಒಮಾನ್ ಗಡಿ ದಾಟಿ ಬಂದರೆ ಸಾಕಾ?

ಪ್ರಶ್ನೆ: ನಾನು ಉಡುಪಿ ಹತ್ತಿರ ಕಟಪಾಡಿಯವನು. ತಂಗಿಯ ಮಗ ಐಟಿಐ ಮುಗಿಸಿದ ಎಸಿ ಮೆಕ್ಯಾನಿಕ್. ಕೆಲಸ ಹುಡುಕಲಿಕ್ಕೆ 60 ದಿನದ ವಿಸಿಟ್ ವೀಸಾದಲ್ಲಿ ದುಬೈಗೆ ಹೋಗಿದ್ದಾನೆ. ಕರಾಮದಲ್ಲಿ ಊರಿನ ಹುಡುಗರ ಜೊತೆ ಬೆಡ್‌ಸ್ಪೇಸ್‌ನಲ್ಲಿದ್ದಾನೆ, ಅಂದರೆ ಹಂಚಿಕೊಂಡ ಕೋಣೆಯಲ್ಲಿ ಒಂದು ಮಂಚದ ಬಾಡಿಗೆ. ವೀಸಾ ಮುಗಿಯಲು ಇನ್ನು ಎರಡೇ ವಾರ. ಒಂದು ಕಂಪೆನಿಯವರು ಕೆಲಸ ಕೊಡ್ತೇವೆ ಎಂದಿದ್ದಾರಂತೆ. ಆದರೆ "ಮೊದಲು ಒಂದು ತಿಂಗಳು ಟ್ರಯಲ್ ಮಾಡು, ಅಷ್ಟರಲ್ಲಿ ಗಡಿ ದಾಟಿ ಬಂದು ಹೊಸ ವಿಸಿಟ್ ವೀಸಾ ಮಾಡಿಸಿಕೋ, ಕಂಪೆನಿ ವೀಸಾ ಆಮೇಲೆ ನೋಡುವಾ" ಎಂದಿದ್ದಾರೆ. ಬಸ್ಸಿನಲ್ಲಿ ಒಮಾನಿಗೆ ಹೋಗಿ ಬಂದರೆ ಆಯಿತು, 2,000 ದಿರ್ಹಮ್ ಕಳಿಸಿ ಎಂದು ಏಜೆಂಟ್ ಹೇಳುತ್ತಾನೆ. ಕಳಿಸಬೇಕಾ? ಗಡಿಯಲ್ಲಿ ಸಿಕ್ಕಿಹಾಕಿಕೊಂಡರೆ ಎಂತ ಮಾಡುವುದು? ಅವನ ಪಾಸ್‌ಪೋರ್ಟ್‌ನಲ್ಲಿ ಇಸಿಆರ್ (ಕೆಲಸಕ್ಕೆ ಹೋಗುವ ಮೊದಲು ಸರಕಾರದ ಅನುಮತಿ ಬೇಕು ಎಂಬ ಗುರುತು) ಎಂದು ಇದೆ, ಆದರೆ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾನೆ. ಅದರಿಂದ ತೊಂದರೆ ಉಂಟಾ?

ಉತ್ತರ: ದುಡ್ಡು ಈಗಲೇ ಕಳಿಸಬೇಡಿ. ಎರಡು ವಾರ ಅಂದರೆ ಸಾಕಷ್ಟು ಸಮಯ ಇದೆ. ಆ ಸಮಯದಲ್ಲಿ ಮೊದಲು ವಿಚಾರಿಸಬೇಕಾದ್ದು ಬಸ್ಸನ್ನಲ್ಲ, ಆ ಕಂಪೆನಿಯನ್ನು.

ನಾನು ದುಬೈಯಲ್ಲಿ ಕಂಪೆನಿಯೊಂದರ ಪಿಆರ್‌ಒ ಆಗಿದ್ದವನು. ಅಂದರೆ ಕೆಲಸಗಾರರ ಪಾಸ್‌ಪೋರ್ಟು, ಫೋಟೋ, ಕಾಗದ ಹಿಡಿದುಕೊಂಡು ಟೈಪಿಂಗ್ ಸೆಂಟರ್, ಲೇಬರ್ ಆಫೀಸು, ಇಮಿಗ್ರೇಶನ್ ಎಂದು ಓಡಾಡುವ ಕೆಲಸ. ಈಗ ಮಂಗಳೂರಿನಲ್ಲಿ ಕೂತು ಊರವರ ಕಾಗದ ನೋಡುತ್ತೇನೆ. ನಿಮ್ಮ ಹುಡುಗನ ಕಥೆಯಂಥದ್ದು ನನ್ನ ಮೇಜಿನ ಮೇಲೆ ಬರುತ್ತಲೇ ಇರುತ್ತದೆ. ಎಲ್ಲರೂ ಗಡಿ ಬಗ್ಗೆ ಕೇಳುತ್ತಾರೆ. ಕಂಪೆನಿಗೆ ನಿಜವಾಗಿ ಆಳು ಬೇಕಿದ್ದರೆ ಗಡಿ ದಾಟುವ ಪ್ರಮೇಯವೇ ಬರುವುದಿಲ್ಲ ಎಂಬುದು ಮಾತ್ರ ಜಾಸ್ತಿ ಜನಕ್ಕೆ ಗೊತ್ತಿಲ್ಲ.

ಅದು ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಯುಎಇಯಲ್ಲಿ ವಿಸಿಟ್ ವೀಸಾದಲ್ಲಿ ಇರುವವನನ್ನು ಕಂಪೆನಿ ಕೆಲಸಕ್ಕೆ ತೆಗೆದುಕೊಳ್ಳಬಹುದು. ಅದಕ್ಕೆ ಕಂಪೆನಿ ಮೊದಲು ಅಲ್ಲಿನ ಕಾರ್ಮಿಕ ಸಚಿವಾಲಯದ ಮೂಲಕ ಆಫರ್ ಲೆಟರ್ ಕೊಡಬೇಕು. ಹುಡುಗ ಸಹಿ ಹಾಕಿದ ಮೇಲೆ ವರ್ಕ್ ಪರ್ಮಿಟ್‌ಗೆ ಅರ್ಜಿ ಹೋಗುತ್ತದೆ. ಪರ್ಮಿಟ್ ಬಂದ ಮೇಲೆ ಕೆಲಸದ ಎಂಟ್ರಿ ಪರ್ಮಿಟ್. ಆಮೇಲೆ ಒಂದಷ್ಟು ಶುಲ್ಕ ಕಟ್ಟಿದರೆ ಹುಡುಗ ದೇಶದೊಳಗೇ ಇದ್ದು ವಿಸಿಟ್‌ನಿಂದ ಕೆಲಸದ ವೀಸಾಕ್ಕೆ ಬದಲಾಗುತ್ತಾನೆ. ಇದಕ್ಕೆ ಅಲ್ಲಿ ಸ್ಟೇಟಸ್ ಚೇಂಜ್ ಎನ್ನುತ್ತಾರೆ. ಅವನು ಬಸ್ಸೂ ಹತ್ತಬೇಕಿಲ್ಲ, ವಿಮಾನವೂ ಹತ್ತಬೇಕಿಲ್ಲ. ಅಲ್ಲಿಂದ ಮುಂದೆ ಮೆಡಿಕಲ್, ಬೆರಳಚ್ಚು, ಎಮಿರೇಟ್ಸ್ ಐಡಿ. ಮೊದಲೆಲ್ಲ ಪಾಸ್‌ಪೋರ್ಟಿನಲ್ಲಿ ಗುಲಾಬಿ ಬಣ್ಣದ ವೀಸಾ ಸ್ಟಿಕ್ಕರ್ ಅಂಟಿಸುತ್ತಿದ್ದರು. 2022ರಿಂದ ಆ ಐಡಿ ಕಾರ್ಡೇ ವಾಸದ ಪುರಾವೆ.

ಖರ್ಚು ಯಾರದ್ದು? ಕಂಪೆನಿಯದ್ದು. ಅಲ್ಲಿನ ಈಗಿನ ಕಾರ್ಮಿಕ ಕಾನೂನು 2021ರದ್ದು, 2022ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ನೇರವಾಗಿ ಆಗಲಿ, ಸುತ್ತುಬಳಸಿ ಆಗಲಿ ವಸೂಲಿ ಮಾಡಬಾರದು ಎಂದು ಅದರಲ್ಲಿ ಸ್ಪಷ್ಟವಾಗಿ ಇದೆ. "ನೀನೇ ವೀಸಾ ಮಾಡಿಸಿಕೊಂಡು ಬಾ" ಎಂದರೆ ತನ್ನ ಖರ್ಚನ್ನು ಹುಡುಗನ ತಲೆಗೆ ಕಟ್ಟುವ ಉಪಾಯ ಅಷ್ಟೆ. ಈ ಸಲ ಅದು ಹುಡುಗನ ತಲೆಯಿಂದ ದಾಟಿ ಕಟಪಾಡಿಯ ಸೋದರಮಾವನ ಕಿಸೆಗೆ ಬಂದಿದೆ, ಅಲ್ವಾ?

ಇನ್ನು ಟ್ರಯಲ್ ವಿಷಯ. ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಹೊಸಬನ ಕೆಲಸ ಹೇಗಿದೆ ಎಂದು ನೋಡಲಿಕ್ಕೆ ಕಾನೂನೇ ಆರು ತಿಂಗಳವರೆಗೆ ಪ್ರೊಬೇಶನ್ ಕೊಟ್ಟಿದೆ. ಹುಡುಗ ಸರಿ ಕಾಣದಿದ್ದರೆ 14 ದಿನ ಮೊದಲು ನೋಟಿಸ್ ಕೊಟ್ಟು ಬಿಡಬಹುದು. ಇಷ್ಟೆಲ್ಲ ಅನುಕೂಲ ಇರುವ ಕಂಪೆನಿಗೆ ವಿಸಿಟ್ ವೀಸಾದವನ ಕೈಯಲ್ಲಿ ಟ್ರಯಲ್ ಮಾಡಿಸುವ ಅಗತ್ಯ ಎಂತದ್ದು? ಬೇಸಿಗೆಯಲ್ಲಿ ಎಸಿ ಕೆಲಸ ರಾಶಿ ಬೀಳುತ್ತದೆ. ಒಂದೆರಡು ತಿಂಗಳು ಅಗ್ಗದಲ್ಲಿ ಆಳು ಸಿಕ್ಕಿದರೆ ಸೀಸನ್ ದಾಟುತ್ತದೆ. ಆಮೇಲೆ "ಕೋಟಾ ಸಿಗಲಿಲ್ಲ ಭಾಯ್" ಎಂದು ಕಳಿಸಿಬಿಟ್ಟರೆ ಹುಡುಗನ ಹತ್ತಿರ ಒಂದು ಕಾಗದವೂ ಇರುವುದಿಲ್ಲ. ಸಂಬಳ ಬಾಕಿ ಇದೆ ಎಂದು ದೂರು ಕೊಡಲಿಕ್ಕೆ ಹೋದರೆ ಮೊದಲು ಅವನೇ ಉತ್ತರ ಕೊಡಬೇಕಾಗುತ್ತದೆ: ವಿಸಿಟ್‌ನಲ್ಲಿ ಇದ್ದವನು ಕೆಲಸ ಹೇಗೆ ಮಾಡಿದೆ?

ವಿಸಿಟ್ ವೀಸಾದಲ್ಲಿ ಒಂದು ದಿನ ಕೆಲಸ ಮಾಡಿದರೂ ಅದು ಅಪರಾಧ. ಟ್ರಯಲ್ ಎಂದು ಹೆಸರಿಟ್ಟರೆ ಕಾನೂನು ಬದಲಾಗುವುದಿಲ್ಲ. ಪರ್ಮಿಟ್ ಇಲ್ಲದೆ ಕೆಲಸ ಮಾಡಿಸುವ ಕಂಪೆನಿಗೆ 2024ರ ತಿದ್ದುಪಡಿಯಿಂದ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಮ್ ತನಕ ದಂಡ ಇದೆ. ದಂಡ ಕಟ್ಟುವುದು ಕಂಪೆನಿ ಸರಿ. ಆದರೆ ತಪಾಸಣೆಗೆ ಬಂದ ದಿನ ಏಣಿ ಮೇಲೆ ನಿಂತು ಔಟ್‌ಡೋರ್ ಯೂನಿಟ್ ಬಿಚ್ಚುತ್ತಿರುವವನು ನಿಮ್ಮ ಹುಡುಗ. ಅವನಿಗೆ ದಂಡ, ಗಡೀಪಾರು, ಮತ್ತೆ ಬರದ ಹಾಗೆ ಬ್ಯಾನ್, ಯಾವುದೂ ಬರಬಹುದು. ಕಣ್ಣಿನ ಸ್ಕ್ಯಾನ್ ಅವರ ಹತ್ತಿರ ಇರುತ್ತದೆ. ಹೊಸ ಪಾಸ್‌ಪೋರ್ಟ್ ಮಾಡಿಸಿಕೊಂಡು ಹೋದರೂ ಏರ್‌ಪೋರ್ಟಿನಲ್ಲೇ ಗೊತ್ತಾಗುತ್ತದೆ.

ಹಾಗಾಗಿ ಇವತ್ತು ರಾತ್ರಿ ಹುಡುಗನಿಗೆ ಫೋನ್ ಮಾಡಿದಾಗ ಕೇಳಬೇಕಾದ್ದು ಒಂದೇ: ಆಫರ್ ಲೆಟರ್ ಕೊಟ್ಟಿದ್ದಾರಾ? ಕೊಟ್ಟಿದ್ದರೆ ಅದರ ಫೋಟೋ ತರಿಸಿಕೊಳ್ಳಿ. ಕಂಪೆನಿಯ ಲೆಟರ್‌ಹೆಡ್‌ನಲ್ಲಿ ಟೈಪ್ ಮಾಡಿದ ಒಂದು ಪುಟಕ್ಕೆ ಬೆಲೆ ಕಡಿಮೆ. ಸಚಿವಾಲಯದ ನಮೂನೆಯ ಆಫರ್ ಲೆಟರ್‌ನಲ್ಲಿ ನಂಬರ್ ಇರುತ್ತದೆ. ಅರೇಬಿಕ್, ಇಂಗ್ಲಿಷ್ ಜೊತೆ ಕೆಲಸಗಾರನಿಗೆ ಗೊತ್ತಿರುವ ಇನ್ನೊಂದು ಭಾಷೆಯಲ್ಲೂ ಅದು ಸಿಗುತ್ತದೆ. ಕನ್ನಡ ಇಲ್ಲ. ಹಿಂದಿ, ಮಲಯಾಳಂ ಇವೆ, ನಮ್ಮ ಕಡೆಯವರಿಗೆ ಅದರಲ್ಲಿ ಒಂದಾದರೂ ಅರ್ಥ ಆಗುತ್ತದೆ. ಅದರಲ್ಲಿ ಎರಡು ಜಾಗ ನೋಡಿ. ಒಂದು, ಹುದ್ದೆ ಎಸಿ ಮೆಕ್ಯಾನಿಕ್ ಎಂದಿದೆಯಾ ಅಥವಾ ಹೆಲ್ಪರ್ ಎಂದು ಹಾಕಿದ್ದಾರಾ. ಇನ್ನೊಂದು, ಮೂಲ ವೇತನ ಎಷ್ಟು, ಅಲೋವೆನ್ಸ್ ಎಷ್ಟು. ಕೆಲಸ ಬಿಡುವಾಗ ಸಿಗುವ ಗ್ರ್ಯಾಚುಟಿ ಮೂಲ ವೇತನದ ಮೇಲೆ ಲೆಕ್ಕ. 1,800 ಸಂಬಳ ಎಂದು ಬಾಯಲ್ಲಿ ಹೇಳಿ, ಕಾಗದದಲ್ಲಿ 800 ಮೂಲ ವೇತನ ಹಾಕುವುದು ಹಳೆಯ ಚಾಳಿ.

ಆಫರ್ ಲೆಟರ್ ಕೊಡಲಿಕ್ಕೆ ಕಂಪೆನಿ ಒಪ್ಪಿದರೆ ನಿಮ್ಮ ಪ್ರಶ್ನೆ ಅಲ್ಲಿಗೇ ಮುಗಿಯಿತು. ವೀಸಾ ಮುಗಿಯುವುದರೊಳಗೆ ಸ್ಟೇಟಸ್ ಚೇಂಜ್ ಮಾಡಿಸುತ್ತಾರೆ. ಎರಡು ವಾರದಲ್ಲಿ ಆಗುವುದಿಲ್ಲ ಎಂದು ಅವರ ಪಿಆರ್‌ಒ ಹೇಳಿದರೆ ಅದೂ ನಿಜ ಇರಬಹುದು. ಹಾಗಿದ್ದರೆ ವಿಸಿಟ್ ವೀಸಾವನ್ನು ಒಳಗಿನಿಂದಲೇ 30 ದಿನ ವಿಸ್ತರಿಸಬಹುದು. ಸರಕಾರದ ಶುಲ್ಕ 600 ದಿರ್ಹಮ್ ಆಸುಪಾಸು, ಮೇಲೆ ತೆರಿಗೆ, ಏಜೆನ್ಸಿಯ ಕಮಿಷನ್. ವೀಸಾ ಯಾವ ಟ್ರಾವೆಲ್ ಏಜೆನ್ಸಿಯ ಹೆಸರಲ್ಲಿ ಬಂದಿದೆಯೋ ಅವರ ಮೂಲಕವೇ ಅರ್ಜಿ ಹೋಗಬೇಕು. ಗಡಿಗೆ ಹೋಗಿ ಬರುವುದಕ್ಕಿಂತ ಖರ್ಚು ಕಡಿಮೆ, ಆ ರಿಸ್ಕೂ ಇಲ್ಲ. ಏಜೆಂಟರು ಇದನ್ನು ಮೊದಲು ಯಾಕೆ ಹೇಳುವುದಿಲ್ಲ ಎಂದು ನಾನು ಬಿಡಿಸಿ ಹೇಳಬೇಕಾ? ಇದರಲ್ಲಿ ಅವರಿಗೆ ಉಳಿಯುವುದು ಕಡಿಮೆ.

ಇಲ್ಲಿ ಒಂದು ಸಣ್ಣ ವಿಷಯ ಇದೆ, ಅದರಲ್ಲೇ ಜಾಸ್ತಿ ಜನ ಎಡವುತ್ತಾರೆ. ಅವನ ವೀಸಾ ಕಾಗದವನ್ನು ವಾಟ್ಸ್ಯಾಪ್‌ನಲ್ಲಿ ತರಿಸಿ ನೋಡಿ. ಮೇಲೆ ಒಂದು ತಾರೀಖು ಇರುತ್ತದೆ. ಅದು ದೇಶದೊಳಗೆ ಬರಲಿಕ್ಕೆ ಕೊಟ್ಟ ಕಡೆಯ ದಿನ. ಇರಲಿಕ್ಕೆ ಕೊಟ್ಟ ಕಡೆಯ ದಿನ ಅಲ್ಲ. ಇರುವ 60 ದಿನದ ಲೆಕ್ಕ ಶುರುವಾಗುವುದು ಅವನು ದುಬೈಯಲ್ಲಿ ಇಳಿದ ದಿನದಿಂದ, ಆ ದಿನವನ್ನೂ ಸೇರಿಸಿ. ಕ್ಯಾಲೆಂಡರಿನಲ್ಲಿ ಎರಡು ತಿಂಗಳು ಎಂದು ಅಂದಾಜು ಹಾಕಬೇಡಿ, 31 ಬರುವ ತಿಂಗಳಿನಲ್ಲಿ ತಪ್ಪುತ್ತದೆ. ದುಬೈ ವೀಸಾ ಆದರೆ ಅಲ್ಲಿನ ಇಮಿಗ್ರೇಶನ್ ಇಲಾಖೆಯಾದ ಜಿಡಿಆರ್‌ಎಫ್‌ಎ ಸೈಟಿನಲ್ಲಿ, ಶಾರ್ಜಾ, ಅಬುಧಾಬಿ, ಉಳಿದ ಎಮಿರೇಟುಗಳದ್ದಾದರೆ ಯುಎಇ ಕೇಂದ್ರ ಸರಕಾರದ ಐಸಿಪಿ ಸೈಟಿನಲ್ಲಿ ಫೈಲ್ ನಂಬರ್ ಹಾಕಿದರೆ ಸರಿಯಾದ ದಿನ ತೋರಿಸುತ್ತದೆ.

ಮೊದಲು ವೀಸಾ ಮುಗಿದ ಮೇಲೂ ಹತ್ತು ದಿನ ಸುಮ್ನೆ ಬಿಡುತ್ತಿದ್ದರು. ಊರಿನ ಹಳಬರು ಈಗಲೂ ಅದನ್ನೇ ಹೇಳುತ್ತಾರೆ. 2023ರಲ್ಲಿ ಅದನ್ನು ತೆಗೆದುಹಾಕಿದರು. ಈಗ ಮುಗಿದ ಮರುದಿನದಿಂದಲೇ ದಿನಕ್ಕೆ 50 ದಿರ್ಹಮ್ ದಂಡ. ನಮ್ಮ ದುಡ್ಡಲ್ಲಿ ದಿನಕ್ಕೆ ಸಾವಿರ ರೂಪಾಯಿ ದಾಟುತ್ತದೆ. ಹೊರಡುವಾಗ ಔಟ್‌ಪಾಸ್, ಅಂದರೆ ದೇಶ ಬಿಡುವ ಪರವಾನಗಿಯ ಖರ್ಚು ಬೇರೆ. ಅದಕ್ಕಿಂತ ಕೆಟ್ಟದ್ದು, ವೀಸಾ ಮಾಡಿಸಿಕೊಟ್ಟ ಏಜೆನ್ಸಿ ಅವನ ಮೇಲೆ ಅಬ್‌ಸ್ಕಾಂಡಿಂಗ್ (ತಲೆತಪ್ಪಿಸಿಕೊಂಡಿದ್ದಾನೆ ಎಂಬ) ಕೇಸು ಹಾಕುವುದು. ಅವನು ಹೊರಗೆ ಹೋಗದಿದ್ದರೆ ಅವರಿಗೂ ಇಮಿಗ್ರೇಶನ್‌ನಲ್ಲಿ ತೊಂದರೆ, ಆದ್ದರಿಂದ ತಡಮಾಡುವುದಿಲ್ಲ. ಕೇಸು ಬಿದ್ದ ಮೇಲೆ ಸ್ಟೇಟಸ್ ಚೇಂಜ್ ಬಿಡಿ, ಮನೆಗೆ ಬರುವುದೇ ಕಷ್ಟ. "ಕ್ಷಮಾದಾನ ಬರ್ತದೆ, ಆಗ ನೋಡುವಾ" ಎಂದು ರೂಮಿನ ಹುಡುಗರು ಹೇಳಬಹುದು. 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್ ತನಕ ಅಂಥದ್ದು ಒಂದು ಬಂದಿತ್ತು, ನಿಜ. ಅದನ್ನು ನಂಬಿಕೊಂಡು ಖಲ್ಲಿವಲ್ಲಿ ಆಗಿ, ಅಂದರೆ ವೀಸಾ ಇಲ್ಲದೆ ಕದ್ದು ಉಳಿಯುವುದು ಹುಚ್ಚು.

ಈಗ ನೀವು ಕೇಳಿದ ಗಡಿಯ ವಿಷಯಕ್ಕೆ ಬರುತ್ತೇನೆ. ಅದು ಮೋಸ ಅಂತ ನಾನು ಹೇಳುವುದಿಲ್ಲ. ಗಲ್ಫಿನಲ್ಲಿ ಹಳೆಯ ಪದ್ಧತಿ. ನಮ್ಮ ಬಜ್ಪೆಯಿಂದ, ಅಂದರೆ ಮಂಗಳೂರು ಏರ್‌ಪೋರ್ಟಿನಿಂದ, ಮೊದಲ ಅಂತರರಾಷ್ಟ್ರೀಯ ವಿಮಾನ ದುಬೈಗೆ ಹಾರಿದ್ದು 2006ರ ಅಕ್ಟೋಬರ್‌ನಲ್ಲಿ. ಅದಕ್ಕೆ ಮೊದಲು ಇಲ್ಲಿಂದ ಬಸ್ಸಿನಲ್ಲಿ ಮುಂಬೈ, ಅಲ್ಲಿಂದ ವಿಮಾನ. ವೀಸಾ ಮುಗಿಯಿತು ಎಂದು ಊರಿಗೆ ಬಂದು ಹೋಗುವುದು ಯಾರಿಗೂ ಗಿಟ್ಟುತ್ತಿರಲಿಲ್ಲ. ಅದಕ್ಕೇ ಹುಡುಗರು ಇರಾನಿನ ಕಿಶ್ ದ್ವೀಪಕ್ಕೆ ಹೋಗುತ್ತಿದ್ದರು. ದುಬೈಯಿಂದ ಸಣ್ಣ ವಿಮಾನ, ಅಲ್ಲಿಗೆ ವೀಸಾ ಬೇಡ. ಹೊಸ ವೀಸಾದ ಫ್ಯಾಕ್ಸ್ ಬರುವ ತನಕ ಲಾಡ್ಜಿನಲ್ಲಿ ಒಂದೊಂದು ಕೋಣೆಗೆ ಹತ್ತು ಜನ ಬಿದ್ದುಕೊಂಡಿರುವುದು. ಕೆಲವರಿಗೆ ಎರಡು ದಿನ, ಕೆಲವರಿಗೆ ತಿಂಗಳು. 2004ರ ಫೆಬ್ರುವರಿ 10ರಂದು ಕಿಶ್‌ನಿಂದ ಬರುತ್ತಿದ್ದ ವಿಮಾನ ಶಾರ್ಜಾದಲ್ಲಿ ಇಳಿಯುವ ಮೊದಲು ಬಿದ್ದು, ಇದ್ದ 46 ಜನರಲ್ಲಿ 43 ಮಂದಿ ತೀರಿಹೋದರು. ವೀಸಾಕ್ಕೆಂದು ಹೋಗಿ ಮರಳುತ್ತಿದ್ದವರೂ ಅದರಲ್ಲಿ ಇದ್ದರು. ಈಗ ಯಾರಾದರೂ ಕಿಶ್ ಎಂದು ಹೇಳಿದರೆ ಆ ಏಜೆಂಟನ ಫೋನ್ ಇಟ್ಟುಬಿಡಿ. 2025ರ ನವೆಂಬರ್‌ನಿಂದ ನಮ್ಮ ಪಾಸ್‌ಪೋರ್ಟಿಗೆ ಇರಾನಿನ ವೀಸಾ ವಿನಾಯಿತಿಯೇ ಇಲ್ಲ. ವಿನಾಯಿತಿ ನಂಬಿ ಹೋದ ಭಾರತೀಯರನ್ನು ಅಪಹರಿಸಿ ಹಣ ಕೇಳಿದ ಪ್ರಕರಣಗಳಾದ ಮೇಲೆ ಅದನ್ನು ನಿಲ್ಲಿಸಿದರು.

ಕೋವಿಡ್ ಕಾಲದಲ್ಲಿ ಹೊರಗೆ ಹೋಗದೆಯೇ ಹೊಸ ವಿಸಿಟ್ ವೀಸಾ ಕೊಡುತ್ತಿದ್ದರು. 2022ರ ಡಿಸೆಂಬರ್‌ನಿಂದ ಆ ಬಾಗಿಲು ಮುಚ್ಚುತ್ತಾ ಬಂತು. ಆಗ ಬಸ್ಸಿನವರಿಗೆ ಮತ್ತೆ ವ್ಯಾಪಾರ. ಹತ್ತಾ ಎಂಬ ಊರಿನ ದಾರಿ, ಅಲ್ ಐನ್ ಪಕ್ಕದ ಬುರೈಮಿ, ರಾಸ್ ಅಲ್ ಖೈಮಾ ಕಡೆಯಿಂದ ಖಸಬ್, ಇವು ಒಮಾನಿಗೆ ಹೋಗುವ ಮುಖ್ಯ ದಾರಿಗಳು. ವಿಮಾನದಲ್ಲಿ ಹೋಗುವವರಿಗೆ ಏರ್‌ಪೋರ್ಟ್ ಟು ಏರ್‌ಪೋರ್ಟ್ ಎಂಬ ಪ್ಯಾಕೇಜು ಇದೆ. ಪಕ್ಕದ ದೇಶದ ಏರ್‌ಪೋರ್ಟಿಗೆ ಹಾರುವುದು, ಅಲ್ಲೇ ಲೌಂಜಿನಲ್ಲಿ ಕೂತುಕೊಳ್ಳುವುದು, ಹೊಸ ವೀಸಾ ಬಂದ ಕೂಡಲೇ ಅದೇ ಕಂಪೆನಿಯ ವಿಮಾನದಲ್ಲಿ ವಾಪಸು. ಬಸ್ಸಿಗಿಂತ ದುಬಾರಿ, ಆದರೆ ಆ ದೇಶದೊಳಗೆ ಕಾಲಿಡುವುದಿಲ್ಲವಾದ್ದರಿಂದ ಅಲ್ಲಿನ ವೀಸಾ ಬೇಕಾಗುವುದಿಲ್ಲ.

ಬಸ್ಸಿನ ದಾರಿ ಹಾಗಲ್ಲ. ಗಡಿಯಲ್ಲಿ ಇಳಿಸುತ್ತಾರೆ. ಯುಎಇ ಕೌಂಟರ್‌ನಲ್ಲಿ 35 ದಿರ್ಹಮ್ ಆಸುಪಾಸು ಎಕ್ಸಿಟ್ ಫೀ, ಮುದ್ರೆ. ಅಲ್ಲಿಗೆ ನಿಮ್ಮ ಹುಡುಗನ ಹಳೆಯ ವೀಸಾ ಸತ್ತಿತು. ಸ್ವಲ್ಪ ಮುಂದೆ ಒಮಾನಿನ ಕೌಂಟರ್. ಅಲ್ಲಿ ಒಮಾನಿನ ವೀಸಾ ತೋರಿಸಬೇಕು. ಭಾರತೀಯರಿಗೆ 14 ದಿನದ ವಿನಾಯಿತಿ ಇದೆ ಎಂದು ಯಾರೋ ಹೇಳಿರುತ್ತಾರೆ. ಅದು ಅಮೆರಿಕ, ಬ್ರಿಟನ್, ಯುರೋಪಿನ ಷೆಂಗೆನ್ ಅಂಥ ವೀಸಾ ಇರುವವರಿಗೆ. ಐಟಿಐ ಹುಡುಗನಿಗೆ ಅದೆಲ್ಲಿಂದ ಬರಬೇಕು? ಅವನು ಇ-ವೀಸಾ ಮೊದಲೇ ತೆಗೆದಿರಬೇಕು. ಪ್ಯಾಕೇಜಿನ 2,000ದಲ್ಲಿ ಅದು ಸೇರಿದೆಯಾ, ಒಮಾನಿನ ಹೋಟೆಲ್ ಸೇರಿದೆಯಾ ಎಂದು ಬರಹದಲ್ಲಿ ಕೇಳಿ.

ಕೆಟ್ಟ ಭಾಗ ಇಲ್ಲಿಂದ ಶುರು. ಹಳೆಯ ವೀಸಾದಿಂದ ಎಕ್ಸಿಟ್ ಆದದ್ದು ಸಿಸ್ಟಮ್‌ನಲ್ಲಿ ಕಂಡ ಮೇಲೆಯೇ ಹೊಸ ವೀಸಾ ಬರುತ್ತದೆ. ಅಂದರೆ ಅವನು ಹೊರಟಾಗ ಕೈಯಲ್ಲಿ ಹೊಸ ವೀಸಾ ಇರುವುದಿಲ್ಲ. "ಗ್ಯಾರಂಟಿ ಅಪ್ರೂವಲ್" ಎಂದು ಪೋಸ್ಟರ್ ಹಾಕಿದ ಏಜೆಂಟನೂ ವೀಸಾ ಕೊಡುವವನಲ್ಲ, ಅರ್ಜಿ ಹಾಕುವವನು ಮಾತ್ರ. 2024ರ ಕೊನೆಯಲ್ಲಿ ದುಬೈ ನಿಯಮ ಬಿಗಿ ಮಾಡಿತು. ಅರ್ಜಿಯ ಜೊತೆಯೇ ರಿಟರ್ನ್ ಟಿಕೆಟ್, ಉಳಿಯುವ ಜಾಗದ ಬುಕಿಂಗ್ ಹಾಕಬೇಕು ಎಂದಿತು. ಆಗ ಭಾರತೀಯರ ಅರ್ಜಿಗಳು ಸಾಲಾಗಿ ತಿರಸ್ಕೃತವಾದವು. ಒಳಗೆ ಬರುವಾಗ 3,000 ದಿರ್ಹಮ್ ಕೈಯಲ್ಲೋ ಕಾರ್ಡಿನಲ್ಲೋ ಇದೆಯಾ ಎಂದೂ ಕೇಳುತ್ತಾರೆ. ಕರಾಮದ ಬೆಡ್‌ಸ್ಪೇಸಿಗೆ ಹೋಟೆಲ್ ಬುಕಿಂಗ್ ಎಲ್ಲಿದೆ? ಏಜೆಂಟರು ನಕಲಿ ಬುಕಿಂಗ್ ಹಾಕಿ ಅರ್ಜಿ ಕೊಡುತ್ತಾರೆ, ಸಿಕ್ಕಿಬಿದ್ದರೆ ತಲೆ ಹೋಗುವುದು ಪಾಸ್‌ಪೋರ್ಟ್ ಇರುವವನದ್ದು.

ಅರ್ಜಿ ತಿರಸ್ಕೃತ ಆಯಿತು ಅಂತ ಇಟ್ಟುಕೊಳ್ಳಿ. ಹುಡುಗ ಒಮಾನಿನ ಹೋಟೆಲಿನಲ್ಲಿ. ಪೆಟ್ಟಿಗೆ, ಬಟ್ಟೆ, ಐಟಿಐ ಸರ್ಟಿಫಿಕೇಟು ಎಲ್ಲ ಕರಾಮದಲ್ಲಿ. ಯುಎಇ ಸಿಮ್ ಅಲ್ಲಿ ರೋಮಿಂಗ್ ಇಲ್ಲದೆ ನಡೆಯುವುದಿಲ್ಲ. ಹೋಟೆಲ್ ಬಾಡಿಗೆ ದಿನ ದಿನ ಏರುತ್ತದೆ, ಒಮಾನಿನ ವೀಸಾದ ದಿನ ಇಳಿಯುತ್ತದೆ. ಆಗ ಏಜೆಂಟ್ "ಇನ್ನೊಂದು ಟ್ರಾವೆಲ್ ಏಜೆನ್ಸಿಯಿಂದ ಟ್ರೈ ಮಾಡುವಾ, ಇನ್ನೂ 900 ಕಳಿಸಿ" ಎನ್ನುತ್ತಾನೆ. ಊರಿನಿಂದ ಕಳಿಸದೆ ಗತ್ಯಂತರ ಇರುವುದಿಲ್ಲ. ನೀವು ಕೇಳಿದ "ಸಿಕ್ಕಿಹಾಕಿಕೊಂಡರೆ" ಎಂಬುದು ಇದೇ. ಪೊಲೀಸರು ಹಿಡಿಯುತ್ತಾರೆ ಎಂಬ ಹೆದರಿಕೆ ಬೇಡ, ದುಡ್ಡು ಸೋರುವುದೇ ನಿಜವಾದ ತೊಂದರೆ. ಹಾಗಾದ ದಿನ ಎರಡನೇ ಅರ್ಜಿಗೆ ದುಡ್ಡು ಹಾಕಬೇಡಿ. ಅದೇ ದುಡ್ಡಿಗೆ ಮಸ್ಕತ್‌ನಿಂದ ಊರಿನ ಟಿಕೆಟ್ ತೆಗೆದುಬಿಡಿ.

ಇಷ್ಟು ಹೇಳಿದ ಮೇಲೂ ಹೋಗಲೇಬೇಕಾದ ಸಂದರ್ಭ ಬಂದರೆ, ಒರಿಜಿನಲ್ ಸರ್ಟಿಫಿಕೇಟುಗಳು, ಔಷಧಿ, ಒಂದು ವಾರದ ಬಟ್ಟೆ ಜೊತೆಯಲ್ಲೇ ಇರಲಿ. ಫೋನ್ ನಂಬರುಗಳನ್ನು ಕಾಗದದಲ್ಲಿ ಬರೆದುಕೊಳ್ಳಲಿ. ಪಾಸ್‌ಪೋರ್ಟ್ ಅವಧಿ ಆರು ತಿಂಗಳಿಗಿಂತ ಜಾಸ್ತಿ ಇರಬೇಕು. ವೀಸಾ ಮುಗಿಯುವ ಕಡೆಯ ದಿನ ಹೊರಡುವುದು ಬೇಡ. ಗಡಿಯಲ್ಲಿ ಸಾಲು ಉದ್ದ ಇದ್ದು ಮಧ್ಯರಾತ್ರಿ ದಾಟಿದರೆ ಒಂದು ದಿನದ ದಂಡ ಬೀಳುತ್ತದೆ. ಗಡಿ ಅಧಿಕಾರಿ ಕೇಳಿದ ಪ್ರಶ್ನೆಗೆ ನಿಜ ಹೇಳಲಿ. ಎರಡನೇ ಸಲ, ಮೂರನೇ ಸಲ ವಿಸಿಟ್ ವೀಸಾ ತೆಗೆಯುವವನು ಪ್ರವಾಸಕ್ಕೆ ಬಂದವನಲ್ಲ ಎಂದು ಅವರಿಗೂ ಗೊತ್ತು, ಸುಳ್ಳು ಹೇಳಿದರೆ ಸುಮ್ನೆ ಎತ್ತಿ ಬದಿಗೆ ಕೂರಿಸುತ್ತಾರೆ.

ಕೆಲಸ ಹುಡುಕುವವರಿಗೇ ಅಂತ ಯುಎಇಯಲ್ಲಿ ಒಂದು ವೀಸಾ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. 2022ರ ಅಕ್ಟೋಬರ್‌ನಲ್ಲಿ ಬಂತು. 60, 90, 120 ದಿನದ್ದು, ಸ್ಪಾನ್ಸರ್ ಬೇಡ. ಆದರೆ ಡಿಗ್ರಿ ಬೇಕು. ಮೇಲಿನ ಮೂರು ದರ್ಜೆಯ ಹುದ್ದೆಯವರಿಗೆ, ಇಲ್ಲವೇ ಜಗತ್ತಿನ ಮೊದಲ 500 ವಿಶ್ವವಿದ್ಯಾಲಯಗಳಿಂದ ಈಗಷ್ಟೇ ಹೊರಬಿದ್ದವರಿಗೆ. ಐಟಿಐಯವನಿಗೆ ಸಿಗುವುದಿಲ್ಲ, ಅದರ ಹೆಸರಲ್ಲಿ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಪತ್ರದಲ್ಲಿ ಇಸಿಆರ್ ವಿಷಯವನ್ನು ಕೊನೆಗೆ ಬರೆದಿದ್ದೀರಿ. ನನ್ನ ಲೆಕ್ಕದಲ್ಲಿ ಅದು ಮೊದಲು ಬರಬೇಕಿತ್ತು. ಇಸಿಆರ್ ಪಾಸ್‌ಪೋರ್ಟಿನವರು ಯುಎಇ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಭಾರತ ಸರಕಾರದ ಎಮಿಗ್ರೇಶನ್ ಕ್ಲಿಯರೆನ್ಸ್ ಬೇಕು. 1983ರ ಕಾನೂನು. ಅದಕ್ಕೆ ಅಲ್ಲಿನ ಕಂಪೆನಿ ನಮ್ಮ ಸರಕಾರದ ಇಮೈಗ್ರೇಟ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡು, ಸಂಬಳ ಇಷ್ಟು, ಕೆಲಸ ಇಂಥದ್ದು ಎಂದು ದಾಖಲೆ ಕೊಡಬೇಕು. ಇಲ್ಲಿ ವಿಮೆಯೂ ಕಡ್ಡಾಯ. ಪ್ರವಾಸಿ ಭಾರತೀಯ ಬಿಮಾ ಯೋಜನೆ, ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375. ಅಪಘಾತದಲ್ಲಿ ಜೀವ ಹೋದರೆ ಅಥವಾ ಶಾಶ್ವತ ಅಂಗವೈಕಲ್ಯ ಆದರೆ 10 ಲಕ್ಷ. ಮೂರನೇ ಮಹಡಿಯ ಗೋಡೆಗೆ ಎಸಿ ಕೂರಿಸುವವನಿಗೆ ಇದಕ್ಕಿಂತ ಅಗ್ಗದ ವಿಮೆ ಎಲ್ಲೂ ಇಲ್ಲ. ವಿಸಿಟ್‌ನಲ್ಲಿ ಕರೆಸಿಕೊಂಡು ಅಲ್ಲೇ ಬದಲಾಯಿಸುವ ಕಂಪೆನಿ ಈ ಎಲ್ಲದರಿಂದ ತಪ್ಪಿಸಿಕೊಳ್ಳುತ್ತದೆ. ವಿಸಿಟ್ ಎಂದರೆ ಕೆಲವರಿಗೆ ಅಷ್ಟು ಪ್ರೀತಿ ಯಾಕೆ ಅಂತ ಈಗ ಅರ್ಥ ಆಯಿತಲ್ಲ ಮಾರಾಯ್ರೆ. ಹುಡುಗ ಅಲ್ಲಿ ಸ್ಟೇಟಸ್ ಬದಲಾಯಿಸಿಕೊಂಡರೂ, ರಜೆಗೆ ಬಂದು ಮತ್ತೆ ಹೊರಡುವಾಗ ಬಜ್ಪೆಯ ಇಮಿಗ್ರೇಶನ್ ಕೌಂಟರ್‌ನಲ್ಲಿ ಈ ಇಸಿಆರ್ ಪ್ರಶ್ನೆ ಎದುರಾಗಬಹುದು.

ಒಳ್ಳೆಯ ಸುದ್ದಿ ಏನೆಂದರೆ, ಹತ್ತನೇ ಪಾಸಾದವನಿಗೆ ಇಸಿಆರ್ ಇರಲೇಬೇಕಾಗಿಲ್ಲ. ಮೊದಲ ಸಲ ಪಾಸ್‌ಪೋರ್ಟ್ ಮಾಡಿಸುವಾಗ ಮಾರ್ಕ್ಸ್ ಕಾರ್ಡ್ ಕೊಟ್ಟಿರಲಿಕ್ಕಿಲ್ಲ. ಹೀಗೆ ಮಾಡಿಕೊಂಡವರು ನಮ್ಮ ಜಿಲ್ಲೆಗಳಲ್ಲಿ ತುಂಬಾ ಇದ್ದಾರೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ತೋರಿಸಿ ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಮರುವಿತರಣೆಗೆ ಅರ್ಜಿ ಹಾಕಿದರೆ ಇಸಿಆರ್ ಇಲ್ಲದ ಹೊಸ ಪುಸ್ತಕ ಬರುತ್ತದೆ. ಆದರೆ ಪುಸ್ತಕದ ನಂಬರ್ ಬದಲಾಗುತ್ತದೆ. ಕಂಪೆನಿ ಎಂಟ್ರಿ ಪರ್ಮಿಟ್ ತೆಗೆಯುವ ಮೊದಲೇ ಇದು ಆಗಬೇಕು. ಪರ್ಮಿಟ್ ಹಳೆಯ ನಂಬರಿಗೆ ಬಂದು ಕೂತರೆ ಅದನ್ನು ಸರಿಪಡಿಸುವ ಓಡಾಟ ಬೇರೆ.

ಇದನ್ನೆಲ್ಲ ಒಟ್ಟಿಗೆ ನೋಡಿದರೆ ನಿಮ್ಮ ಹುಡುಗನಿಗೆ ಎಲ್ಲಕ್ಕಿಂತ ಒಳ್ಳೆಯ ಗಡಿ ಬಜ್ಪೆ. ಕಟಪಾಡಿಯಿಂದ ಒಂದೂವರೆ ಗಂಟೆ, ಬಜ್ಪೆಯಿಂದ ದುಬೈಗೆ ಮೂರೂವರೆ ಗಂಟೆ ಚಿಲ್ಲರೆ. ಅವನ ಹತ್ತಿರ ರಿಟರ್ನ್ ಟಿಕೆಟ್ ಇರಲೇಬೇಕು, ಇಲ್ಲದೆ ಅವನನ್ನು ಇಲ್ಲಿಂದ ವಿಮಾನ ಹತ್ತಿಸುವುದೇ ಕಷ್ಟ ಇತ್ತು. ಅದನ್ನು ರದ್ದು ಮಾಡಿಸಿದ್ದಾನಾ ಕೇಳಿ. ಮಾಡಿಸಿಲ್ಲವಾದರೆ ತಾರೀಖು ಬದಲಿಸಿ, ವೀಸಾ ಮುಗಿಯುವ ಮೊದಲು ಬಂದುಬಿಡಲಿ. ಇಲ್ಲಿ ಪಾಸ್‌ಪೋರ್ಟ್ ಸರಿ ಮಾಡಿಸಿಕೊಳ್ಳಲಿ. ಕಂಪೆನಿಗೆ ನಿಜವಾಗಿ ಬೇಕಿದ್ದರೆ ಎಂಟ್ರಿ ಪರ್ಮಿಟ್ ಇಲ್ಲಿಗೇ ಕಳಿಸುತ್ತಾರೆ. ಕಳಿಸದಿದ್ದರೆ ನೀವು ಉಳಿಸಿಕೊಂಡದ್ದು 2,000 ದಿರ್ಹಮ್ ಮತ್ತು ಹುಡುಗನ ಒಂದು ತಿಂಗಳ ಬಿಟ್ಟಿ ಕೆಲಸ. ಇಲ್ಲಿಂದ ಏಜೆಂಟ್ ಮೂಲಕ ಹೋಗುವುದಾದರೆ ಅವನ ನೋಂದಣಿ ನಂಬರ್ ಇಮೈಗ್ರೇಟ್ ಪೋರ್ಟಲ್‌ನಲ್ಲಿ ಇದೆಯಾ ನೋಡಿ. ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ರಶೀದಿ ಕೊಡಲೇಬೇಕು.

ದುಬೈ ಬಿಟ್ಟು ಬೇರೆ ಕಡೆ ಇರುವ ಓದುಗರಿಗೆ ಎರಡು ಮಾತು. ಗಡಿ ದಾಟಿ ಬಂದರೆ ದಿನದ ಲೆಕ್ಕ ಹೊಸದಾಗಿ ಶುರುವಾಗುತ್ತದೆ ಎಂಬುದು ಎಲ್ಲ ದೇಶಕ್ಕೂ ಅನ್ವಯ ಆಗುವುದಿಲ್ಲ. ಯುರೋಪಿನ ಷೆಂಗೆನ್ ದೇಶಗಳಲ್ಲಿ ಯಾವ 180 ದಿನ ತೆಗೆದುಕೊಂಡರೂ ಒಳಗೆ ಇದ್ದದ್ದು 90 ದಿನ ಮೀರಬಾರದು. ಒಂದು ದಿನ ಹೊರಗೆ ಹೋಗಿ ಬಂದರೆ ಏನೂ ಪ್ರಯೋಜನ ಇಲ್ಲ. ಥಾಯ್ಲೆಂಡಿನಲ್ಲಿ ವೀಸಾ ಇಲ್ಲದೆ ಭೂಗಡಿಯಿಂದ ಒಳಗೆ ಬರಲಿಕ್ಕೆ ವರ್ಷಕ್ಕೆ ಎರಡೇ ಸಲ ಅವಕಾಶ. ಅವಧಿ ಮೀರಿದರೆ ದಿನಕ್ಕೆ 500 ಬಾತ್, ಹೆಚ್ಚೆಂದರೆ 20,000. ಲ್ಯಾಪ್‌ಟಾಪ್ ಹಿಡಿದು ಅಲ್ಲಿ ಕೂತಿರುವ ಮಂಗಳೂರಿನ ಹುಡುಗರು ಇದನ್ನು ನೆನಪಿಟ್ಟುಕೊಳ್ಳಿ.

ಕೊನೆಗೆ ನಿಮಗೆ. ಕಂಪೆನಿಯವರು ಈಗಾಗಲೇ ಅವನ ಕೈಯಲ್ಲಿ ಕೆಲಸ ಮಾಡಿಸಿದ್ದರೆ, ಅಥವಾ ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡಿದ್ದರೆ, ಅವನು ದುಬೈಯಲ್ಲಿರುವ ಭಾರತ ಸರಕಾರದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ ಫೋನ್ ಮಾಡಲಿ. ನಂಬರ್ 800 46342, ದುಡ್ಡು ಬೀಳುವುದಿಲ್ಲ, ಹಿಂದಿಯಲ್ಲಿ ಮಾತಾಡಬಹುದು. ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಹಕ್ಕು ಕಂಪೆನಿಗೆ ಇಲ್ಲ. ಅಲ್ಲಿಂದ ಸರಿಯಾದ ಉತ್ತರ ಸಿಗದಿದ್ದರೆ ನೀವು ಕಟಪಾಡಿಯಲ್ಲೇ ಕೂತು ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಹಾಕುವಾಗ ಅವನ ಪಾಸ್‌ಪೋರ್ಟ್‌ನ ಮೊದಲ ಮತ್ತು ಕಡೆಯ ಪುಟ, ವೀಸಾ ಕಾಗದ, ಕಂಪೆನಿಯವರ ಜೊತೆ ಆದ ವಾಟ್ಸ್ಯಾಪ್ ಮಾತುಕತೆಯ ಸ್ಕ್ರೀನ್‌ಶಾಟ್ ಬೇಕಾಗುತ್ತದೆ. ಅವನ್ನು ಇವತ್ತೇ ತರಿಸಿ ನಿಮ್ಮ ಫೋನಿನಲ್ಲಿ ಇಟ್ಟುಕೊಳ್ಳಿ.